ಮುಖವನ್ನು ಯಾರ ಕೈಗೆ ಒಪ್ಪಿಸಬೇಕು?

ಸವಣೂರು ತಾಲ್ಲೂಕಿನ ಯಲವಿಗಿಯು ರೈಲು ಹಾದಿಯ ಮೇಲಿರುವ ಊರು. ಇಲ್ಲಿಂದ ಒಂದು ದಿಕ್ಕಿಗೆ ಹಾವೇರಿ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ. ಮುಖದ ಮೊಡವೆ, ಕಲೆಗಳಿಂದ ಬೇಸತ್ತ ತರುಣ ತರುಣಿಯರು ಚಿಕಿತ್ಸೆಗಾಗಿ ಇಂತಹ ಊರಿನಿಂದ ಪಟ್ಟಣಕ್ಕೆ ಹೋಗುವುದು ಸಹಜ. ಕಲೆ ಅಳಿಸುತ್ತೇವೆ, ಬಣ್ಣ ತಿಳಿಯಾಗಿಸುತ್ತೇವೆ ಎಂದು ಸಾರುವ ಚಿಕಿತ್ಸಾಲಯಗಳಲ್ಲಿ ಯಾವುದನ್ನು ನಂಬಬೇಕು? ಇದನ್ನು ನಿರ್ಣಯಿಸಲು ಮೊದಲು ನಮ್ಮ ಚರ್ಮದ ಸ್ವಭಾವವನ್ನು ಅರಿಯಬೇಕು.

ಚರ್ಮದ ಹೊರಪದರವು ಬಹಳ ತೆಳುವಾದುದು. ಮುಖದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಈ ಪದರದ ತಳದಲ್ಲಿ ಹುಟ್ಟಿದ ಜೀವಕೋಶಗಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಸುಮಾರು ಒಂದು ತಿಂಗಳಿನಲ್ಲಿ ಹೊಟ್ಟಾಗಿ ಉದುರಿಹೋಗುತ್ತವೆ. ಅದೇ ತಳದಲ್ಲಿ ಮೆಲನಿನ್ ಎಂಬ ಕಂದು ವರ್ಣದ್ರವ್ಯವನ್ನು ತಯಾರಿಸುವ ಕೋಶಗಳೂ ಇವೆ. ಯುರೋಪಿನವರ ಚರ್ಮದಲ್ಲಿಯೂ ನಮ್ಮ ಚರ್ಮದಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ನಮ್ಮವು ಹೆಚ್ಚು ಮೆಲನಿನ್ ತಯಾರಿಸುತ್ತವೆ, ಅಷ್ಟೆ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಅಡ್ಡವಾಗಿ ಪ್ರಕೃತಿಯು ಹಿಡಿದ ಕೊಡೆಯಿದು.

ಈ ಕೋಶಗಳನ್ನು ಕೆಣಕಿದರೆ ಅವು ಇನ್ನಷ್ಟು ಮೆಲನಿನ್ ಸುರಿಸುತ್ತವೆ. ಚಿವುಟಿದ ಮೊಡವೆಯ ಜಾಗದಲ್ಲಿ ಕಪ್ಪು ಕಲೆ ನಿಲ್ಲುವುದು ಇದರಿಂದಲೇ. ಆಮ್ಲವನ್ನು ಲೇಪಿಸಿ ಮೇಲ್ಪದರವನ್ನು ಸುಲಿಯುವ ಚಿಕಿತ್ಸೆಯಲ್ಲಿ ಆಮ್ಲದ ತೀಕ್ಷ್ಣತೆ ಮಿತಿಮೀರಿದರೂ ಹೀಗೆಯೇ ಆಗುತ್ತದೆ: ಕಲೆ ಕಳೆಯಲು ಹೋದವರು ಹೊಸ ಕಲೆ ಪಡೆದು ಬರುತ್ತಾರೆ.

ಲೇಸರಿನ ವಿಷಯವೂ ಅಷ್ಟೆ. 1960ರಲ್ಲಿ ಅಮೆರಿಕದ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. ತಕ್ಕ ತರಂಗದ ಬೆಳಕನ್ನು ತಕ್ಕಷ್ಟು ಅಲ್ಪಕಾಲ ಹಾಯಿಸಿದರೆ, ಬಣ್ಣವುಳ್ಳ ಗುರಿಯನ್ನು ಮಾತ್ರ ಸುಟ್ಟು ಸುತ್ತಲಿನ ಭಾಗವನ್ನು ಉಳಿಸಬಹುದೆಂದು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಷ್ ವಿವರಿಸಿದರು. ಬೇಡದ ಕೂದಲನ್ನು ತೆಗೆಯುವಾಗ ಕೂದಲ ಬುಡದ ಮೆಲನಿನ್ನೇ ಗುರಿ. ಆದರೆ ನಮ್ಮಲ್ಲಿ ಆ ಗುರಿಯ ದಾರಿಯಲ್ಲಿಯೇ ಹೊರಪದರದ ಮೆಲನಿನ್ ಅಡ್ಡವಾಗಿದೆ. ಅದು ಬೆಳಕನ್ನು ಹೀರಿದರೆ ಚರ್ಮವೇ ಸುಡುತ್ತದೆ. 755 ನ್ಯಾನೊಮೀಟರಿನ ಬೆಳಕಿಗಿಂತ 1064 ನ್ಯಾನೊಮೀಟರಿನದನ್ನು ಮೆಲನಿನ್ ಕಡಿಮೆ ಹೀರುವುದರಿಂದ, ಕಪ್ಪು ಚರ್ಮಕ್ಕೆ ಎರಡನೆಯದು ಹೆಚ್ಚು ಕ್ಷೇಮಕರ. ಆದುದರಿಂದ ಬೆಲೆಬಾಳುವ ಯಂತ್ರವಿದ್ದರೆ ಸಾಲದು. ಯಾರ ಚರ್ಮಕ್ಕೆ ಯಾವ ಬೆಳಕು, ಎಷ್ಟು ಎಂಬುದನ್ನು ಬಲ್ಲವರು ಬೇಕು.

ಯಂತ್ರಕ್ಕಿಂತಲೂ ಸುಲಭವಾಗಿ ಕೈಗೆ ಸಿಗುವ ಅಪಾಯವೆಂದರೆ ಮುಲಾಮು. ಕ್ಲೊಬೆಟಸಾಲ್‌ನಂತಹ ಪ್ರಬಲ ಸ್ಟಿರಾಯ್ಡನ್ನು ಮುಖಕ್ಕೆ ಹಚ್ಚಿದರೆ ಕೆಲವೇ ದಿನಗಳಲ್ಲಿ ಉರಿಯೂತ ಇಳಿದು ಬಣ್ಣ ತಿಳಿಯಾದಂತೆ ತೋರುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣಿಸಿಕೊಳ್ಳುತ್ತವೆ, ಮೊಡವೆ ಹೆಚ್ಚುತ್ತದೆ. ನಿಲ್ಲಿಸಿದರೆ ಮುಖ ಉರಿಯುತ್ತದೆ. ಇಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರಕಾರವು 2018ರಲ್ಲಿ ವಿಧಿಸಿತು. ಬಿಳುಪಿನ ಲೇಪಗಳಿಗೆ ಬೆರೆಸುವ ಪಾದರಸವಂತೂ ಮೂತ್ರಪಿಂಡಗಳಿಗೇ ಕೇಡು. ಹೆಸರಿನ ಚೀಟಿಯಿಲ್ಲದ ಡಬ್ಬಿಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬಾರದು.

ಹಾಗಾದರೆ ಚಿಕಿತ್ಸಾಲಯದಲ್ಲಿ ನಾವು ನೋಡಬೇಕಾದುದೇನು? ಮೊದಲನೆಯದು, ಗೋಡೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಚಿಕಿತ್ಸಾಲಯವು ನೋಂದಣಿಯಾಗಿರಬೇಕು. ನೋಂದಣಿ ಪತ್ರವೂ ದರಗಳೂ ಎದ್ದು ಕಾಣುವಂತಿರಬೇಕು. ಎರಡನೆಯದು, ವೈದ್ಯರ ಪದವಿ. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಚರ್ಮರೋಗ ಶಾಸ್ತ್ರದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಪಡೆದವರೇ ಚರ್ಮತಜ್ಞರು. ಕೆಲವು ವಾರಗಳ ತರಬೇತಿಯ ಪ್ರಮಾಣಪತ್ರ ಇದಕ್ಕೆ ಸಮವಲ್ಲ. ಮೂರನೆಯದು, ನಾವು ಕೇಳಬೇಕಾದ ಪ್ರಶ್ನೆಗಳು: ಯಂತ್ರವನ್ನು ಹಿಡಿಯುವವರು ಯಾರು? ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲಿಯೋ ಸ್ವಲ್ಪ ಜಾಗದಲ್ಲಿ ಮೊದಲು ಪರೀಕ್ಷಿಸುವರೇ? ಅಪಾಯಗಳೇನು? ತೊಂದರೆಯಾದರೆ ನೋಡಿಕೊಳ್ಳುವವರಾರು? ಚರ್ಮವನ್ನು ನೋಡುವ ಮೊದಲೇ ಹತ್ತು ಸಲದ ಹಣವನ್ನು ಒಟ್ಟಿಗೆ ಕೇಳುವ ಕಡೆ ಈ ಪ್ರಶ್ನೆಗಳಿಗೆ ಸಮಾಧಾನದ ಉತ್ತರ ದೊರೆಯುವುದು ಕಷ್ಟ.

ಮೊಡವೆಯು ಒಂದು ರೋಗ. ಅದಕ್ಕೆ ಅಲಂಕಾರದ ಚಿಕಿತ್ಸಾಲಯವೇ ಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ, ಅಂದರೆ ಜನರು ಕಿಮ್ಸ್ ಎಂದು ಕರೆಯುವಲ್ಲಿ, ಚರ್ಮರೋಗ ವಿಭಾಗವಿದೆ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ಗಳಂತಹ ಸಾಮಾನ್ಯ ಔಷಧಗಳಿಂದಲೇ ಅನೇಕರ ಮೊಡವೆಗಳು ಹತೋಟಿಗೆ ಬರುತ್ತವೆ. ಆದರೆ ಅದಕ್ಕೆ ಹಲವು ವಾರಗಳ ತಾಳ್ಮೆ ಬೇಕು.

ತಳದ ಕೋಶವು ಮೇಲೆ ಬಂದು ಉದುರಲು ಒಂದು ತಿಂಗಳು ಹಿಡಿಯುತ್ತದೆಂದು ಹೇಳಿದೆವಷ್ಟೆ. ಒಂದೇ ವಾರದಲ್ಲಿ ಹೊಸ ಮುಖ ಕೊಡುತ್ತೇವೆಂಬ ಮಾತನ್ನು ಈ ಲೆಕ್ಕದಿಂದಲೇ ಅಳೆಯಬಹುದು. ಅವಸರಪಡದೆ, ಅಪಾಯವನ್ನೂ ಮುಚ್ಚಿಡದೆ ಹೇಳಿ, ಬಿಸಿಲಿಗೆ ಕೊಡೆ ಹಿಡಿಯಿರೆಂದು ಮೊದಲು ಸೂಚಿಸುವ ವೈದ್ಯರ ಕೈಗೆ ಮುಖವನ್ನು ಧೈರ್ಯವಾಗಿ ಒಪ್ಪಿಸಬಹುದು.