ಬಿಸಿಲಿದೆ, ಪ್ಯಾನಲ್ ಇದೆ, ಕರೆಂಟ್ ಯಾಕಿಲ್ಲ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ 3 ಕಿಲೋವ್ಯಾಟಿನ ಸೋಲಾರ್ ಹಾಕಿಸಿದೆವು. ಬ್ಯಾಟರಿ ಇಲ್ಲದ್ದು. ಹಗಲು ಹುಟ್ಟಿದ ಕರೆಂಟು ಮನೆಗೆ ಬಳಸಿ, ಉಳಿದದ್ದು ಬೀದಿ ಲೈನಿಗೆ ಹೋಗುತ್ತೆ. ಮೀಟರು ಎರಡೂ ಕಡೆಯ ಲೆಕ್ಕ ಇಡುತ್ತೆ.

ಹಾಕಿಸಿ ಎಂಟು ದಿನ ಆಗಿರಲಿಲ್ಲ, ನಡುಮಧ್ಯಾಹ್ನ ಲೈನ್ ಹೋಯಿತು. ಹೊರಗೆ ಚಳ್ಳಕೆರೆ ಸೀಮೆಯ ಬಿಸಿಲು, ಒಳಗೆ ಫ್ಯಾನ್ ನಿಂತಿದೆ. "ಅಲ್ಲ ಕಣ್ರೀ, ಇಷ್ಟು ದುಡ್ಡು ಸುರಿದು ಮಾಳಿಗೆ ಮೇಲೆ ಕನ್ನಡಿ ಇಟ್ಟಂಗಾಯ್ತಲ್ಲ" ಅಂದಳು ಹೆಂಡತಿ. ನನಗೂ ಉತ್ತರ ಗೊತ್ತಿರಲಿಲ್ಲ. ಪಕ್ಕದೂರಿನ ವೈರಿಂಗ್ ಹುಡುಗ ಬಂದು ನೋಡಿ, "ಅಣ್ಣಾ, ಇದರೊಳಗೆ ಒಂದು ಸೆಟ್ಟಿಂಗ್ ಐತೆ. ಏನಾದ್ರೂ ಮಾಡಿ ಅದನ್ನ ತೆಗೆಸಿಬಿಟ್ರೆ ಲೈನ್ ಹೋದ್ರೂ ಉರಿಯುತ್ತೆ" ಅಂದ. ನಾನು ಹೂಂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅನ್ನುವುದಕ್ಕೆ ಹಳೆಯ ಕತೆಯೊಂದನ್ನು ಹೇಳಬೇಕು.

1999ರಲ್ಲಿ ತಂಗಿಯ ಮದುವೆ. ಹಿಂದಿನ ದಿನ ಗಾಳಿಗೆ ನಮ್ಮ ಬೀದಿಯ ತಂತಿ ಕಡಿದು ಬಿತ್ತು. ಕತ್ತಲಾಗುತ್ತಿತ್ತು, ನೆಂಟರು ಬಂದಿದ್ದರು. ಬಾಡಿಗೆಗೆ ಜನರೇಟರ್ ತಂದೆವು. ಚೇಂಜ್ ಓವರ್ ಸ್ವಿಚ್ ಎಂಬುದೊಂದು ಇದೆ ಅಂತ ಯಾರಿಗೆ ಗೊತ್ತಿತ್ತು? ಮೇನ್ ಫ್ಯೂಸನ್ನೂ ಕೀಳದೆ, ಜನರೇಟರಿನ ವೈರನ್ನು ನೇರ ಬೋರ್ಡಿಗೆ ಕೊಟ್ಟೆ. ದೀಪ ಹತ್ತಿತು. ಪಕ್ಕದ ಎರಡು ಮನೆಯಲ್ಲೂ ಹತ್ತಿತು. ಪುಕ್ಕಟೆ ಬೆಳಕು ಅಂತ ನಕ್ಕೆವು. ಆ ಕಡೆ ಲೈನ್‌ಮನ್ ಟಿ.ಸಿ. ಫ್ಯೂಸ್ ಕಿತ್ತು, ಲೈನ್ ಸತ್ತಿದೆ ಎಂಬ ಧೈರ್ಯದಲ್ಲಿ ಕಂಬ ಹತ್ತಿದ್ದರು. ಕಡಿದ ತಂತಿಯ ತುದಿ ಹಿಡಿದರು. ನಮ್ಮ ಕರೆಂಟು ಅವರ ಕೈಗೆ ಬಂತು. ಕಂಬದಿಂದ ಬಿದ್ದರು, ಜೀವ ಉಳಿಯಿತು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಸೋಲಾರ್ ಕೂಡ ಒಂದು ಜನರೇಟರೇ. ಅದನ್ನು ಲೈನಿಗೆ ಜೋಡಿಸಿಯೇ ಇಟ್ಟಿರುತ್ತಾರೆ. ಟಿ.ಸಿ. ಬಗ್ಗೆ ನಮ್ಮವರು ತಿಳಿಯಬೇಕಾದ ಸಂಗತಿ ಒಂದಿದೆ. ಅದಕ್ಕೆ ಮೇಲು ಕೆಳಗು ಅನ್ನುವ ಭೇದ ಇಲ್ಲ. ಮೇಲೆ 11,000 ವೋಲ್ಟ್ ಕೊಟ್ಟರೆ ಕೆಳಗೆ 433 ಬರುವ ಹಾಗೆ, ಕೆಳಗಿನಿಂದ 433 ಕೊಟ್ಟರೆ ಮೇಲೆ 11,000 ಆಗುತ್ತೆ. ಊರಿನ ಹತ್ತಾರು ಮನೆಯ ಪ್ಯಾನಲ್ ಸತ್ತ ಲೈನಿಗೆ ಕರೆಂಟು ತಳ್ಳಿದರೆ, ಎಲ್.ಸಿ. ತಗೊಂಡು ಮೇಲಿನ ಲೈನಿನಲ್ಲಿ ಕೆಲಸ ಮಾಡುವವರ ಗತಿ ಏನು? ಅದಕ್ಕೇ ಲೈನ್ ಹೋದೊಡನೆ ಇನ್ವರ್ಟರ್ ತಾನಾಗಿ ನಿಲ್ಲಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಮಾಡಿದ ನಿಯಮದಲ್ಲಿ ಇದಕ್ಕೆ 2 ಸೆಕೆಂಡು ಗಡುವು ಕೊಟ್ಟಿದ್ದಾರೆ. ಆ ಹುಡುಗ ತೆಗೆಸೋಣ ಅಂದ ಸೆಟ್ಟಿಂಗ್ ಇದೇ.

ಮಾಳಿಗೆ ಕೆಳಗೆ ಗೋಡೆಗೆ ನೇತುಹಾಕಿದ ಪೆಟ್ಟಿಗೆಗೆ ಲೈನ್ ಹೋದದ್ದು ಹೇಗೆ ತಿಳಿಯುತ್ತೆ? ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನನ್ನ ಷಡ್ಡಕನ ಮಗನನ್ನು ಕೂರಿಸಿಕೊಂಡು ಇದನ್ನು ಕೇಳಿದೆ. ಪೆಟ್ಟಿಗೆ ಎರಡು ವಿಷಯ ನೋಡುತ್ತಿರುತ್ತಂತೆ: ವೋಲ್ಟೇಜು ಮತ್ತು ಆವರ್ತನ. ಮನೆಯ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಸುತ್ತು. ಲೈನ್ ಹೋದಾಗ ಪ್ಯಾನಲ್ ಕೊಡುವ ಕರೆಂಟೂ ಆ ತುಂಡು ಲೈನಿನ ಮನೆಗಳು ಎಳೆಯುವುದೂ ಸರಿಸಮ ಇರುವುದು ಅಪರೂಪ. ಹೆಚ್ಚು ಕಡಿಮೆ ಆದೊಡನೆ ವೋಲ್ಟೇಜೋ ಆವರ್ತನವೋ ಹದ ತಪ್ಪುತ್ತೆ, ಪೆಟ್ಟಿಗೆ ನಿಲ್ಲುತ್ತೆ.

"ಅಕಸ್ಮಾತ್ ಸಮ ಆಗಿಬಿಟ್ಟರೆ?" ಅಂದೆ. ಅದಕ್ಕೂ ಉಪಾಯ ಇದೆ. ದನ ಕಟ್ಟುವ ಮೊದಲು ನಾವು ಗೂಟ ಅಲ್ಲಾಡಿಸಿ ನೋಡುವುದಿಲ್ಲವೇ? ಹಾಗೆ ಪೆಟ್ಟಿಗೆ ಆಗಾಗ ಆವರ್ತನವನ್ನು ಒಂದಿಷ್ಟು ನೂಕಿ ನೋಡುತ್ತೆ. ದೊಡ್ಡ ಜಾಲ ಹಿಂದೆ ಇದ್ದರೆ ಅದು ಕದಲುವುದಿಲ್ಲ. ಲೈನ್ ಕಡಿದಿದ್ದರೆ ನೂಕಿದ ಕಡೆಗೆ ಜಾರುತ್ತೆ. ಗೂಟ ಕಿತ್ತಿದೆ ಅಂತ ಪೆಟ್ಟಿಗೆಗೆ ತಿಳಿಯುತ್ತೆ. ನನಗೆ ಇದು ಬಹಳ ಹಿಡಿಸಿತು.

ಫ್ಯೂಸ್ ಇದೆಯಲ್ಲ, ಅದು ಕಾಯುವುದಿಲ್ಲವೇ ಅಂತಲೂ ಕೇಳಿದೆ. ಇಲ್ಲ. ತಂತಿ ನೆಲಕ್ಕೆ ಬಿದ್ದಾಗ ಸಬ್‌ಸ್ಟೇಷನ್ ಕಡೆಯಿಂದ ಭಾರಿ ಕರೆಂಟು ನುಗ್ಗಿ ಫ್ಯೂಸ್ ಹಾರುತ್ತೆ. ಇನ್ವರ್ಟರ್ ತನ್ನ ತಾಕತ್ತಿಗಿಂತ ಒಂದು ಚೂರು ಹೆಚ್ಚು ಮಾತ್ರ ಕೊಡಬಲ್ಲುದು. ಅಷ್ಟಕ್ಕೆ ಫ್ಯೂಸ್ ಹಾರುವುದಿಲ್ಲ, ಆದರೆ ಮನುಷ್ಯ ಸಾಯಲು ಧಾರಾಳ ಸಾಕು.

ಇಷ್ಟರವರೆಗೆ ಸುಲಭ. ತೊಡಕು ಬರುವುದು ಇಂಥ ಪೆಟ್ಟಿಗೆಗಳು ಲಕ್ಷಗಟ್ಟಲೆ ಆದಾಗ. ಆವರ್ತನ ಅನ್ನುವುದು ಎತ್ತಿನ ನಡೆ ಇದ್ದಂತೆ. ಹೇರು ಹೆಚ್ಚಾದರೆ ನಡೆ ನಿಧಾನ, ಇಳಿಜಾರಿನಲ್ಲಿ ಜೋರು. ಜರ್ಮನಿಯಲ್ಲಿ ಆವರ್ತನ 50.2 ಮುಟ್ಟಿದೊಡನೆ ಮನೆ ಸೋಲಾರ್ ನಿಲ್ಲಬೇಕು ಅಂತ ನಿಯಮ ಇತ್ತು. ನಾಲ್ಕಾರು ಸೆಟ್ ಇದ್ದಾಗ ಸರಿ. ಊರೂರಿಗೆ ಆದಮೇಲೆ ಯೋಚನೆ ಹತ್ತಿತು: ಎಲ್ಲವೂ ಒಂದೇ ಕ್ಷಣ ನಿಂತರೆ, ಕರೆಂಟು ಹೆಚ್ಚಾಗಿದೆ ಅನ್ನುತ್ತಿದ್ದ ಜಾಲಕ್ಕೆ ಮರುಕ್ಷಣವೇ ಭಾರಿ ಕೊರತೆ. ನೊಗದ ಎತ್ತೆಲ್ಲ ಒಟ್ಟಿಗೆ ಕುಸಿದ ಹಾಗೆ. 2012ರಲ್ಲಿ ಕಾನೂನು ತಂದು ಹಳೆಯ ಸೆಟ್‌ಗಳನ್ನು ತಿದ್ದಿಸಿದರು. ಹೊಸವು 50.2 ದಾಟಿದ ಮೇಲೆ ಮೆಲ್ಲಮೆಲ್ಲಗೆ ಇಳಿಸುತ್ತ ಬರುತ್ತವೆ.

ಜರ್ಮನಿಯವರು ಮೊದಲೇ ಎಚ್ಚೆತ್ತರು. ಇಂಗ್ಲೆಂಡಿನಲ್ಲಿ ಆಗಿಯೇ ಹೋಯಿತು. 2019ರ ಆಗಸ್ಟ್ 9ರ ಸಂಜೆ ಲಂಡನ್ನಿನ ಉತ್ತರಕ್ಕೆ ಒಂದು ದೊಡ್ಡ ಲೈನಿಗೆ ಸಿಡಿಲು ಹೊಡೆಯಿತು. ಲೈನ್ ಕ್ಷಣದಲ್ಲಿ ಚೇತರಿಸಿಕೊಂಡಿತು. ಆದರೆ ಆ ಕುಲುಕಾಟಕ್ಕೆ ಲೈನೇ ಹೋಯಿತು ಎಂದುಕೊಂಡು ಅಲ್ಲಲ್ಲಿನ ಸಣ್ಣ ಉತ್ಪಾದಕಗಳು ನಿಂತವು, ಒಟ್ಟು ಸುಮಾರು 500 ಮೆಗಾವ್ಯಾಟ್. ಅದೇ ಹೊತ್ತಿಗೆ ಸಮುದ್ರದ ಗಾಳಿಯಂತ್ರಗಳದ್ದೂ, ಒಂದು ಗ್ಯಾಸ್ ಸ್ಥಾವರದ್ದೂ ಕರೆಂಟು ಹೋಯಿತು. ಆವರ್ತನ 48.8ಕ್ಕೆ ಇಳಿದು, ಉಳಿದ ಜಾಲ ಉಳಿಸಲು 10 ಲಕ್ಷಕ್ಕೂ ಹೆಚ್ಚು ಗ್ರಾಹಕರ ಲೈನ್ ತಾನಾಗಿ ಕಡಿಯಿತು. ನಿಲ್ಲಬೇಕಾದಾಗ ನಿಲ್ಲದಿದ್ದರೆ ಲೈನ್‌ಮನ್ ಸಾಯುತ್ತಾನೆ, ನಿಲ್ಲಬಾರದಾಗ ನಿಂತರೆ ಊರು ಕತ್ತಲಾಗುತ್ತೆ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲೇ ಪೆಟ್ಟಿಗೆಯ ಸೆಟ್ಟಿಂಗ್ ಕೂತಿದೆ. ಮನೆಯಲ್ಲಿ ಕೂತು ನಾವು ತಿರುಗಿಸುವಂಥದ್ದಲ್ಲ ಅದು.

ಇಂಗ್ಲೆಂಡಿನ ಮಾತು ನಮಗ್ಯಾಕೆ ಅಂತ ಕೇಳಬಹುದು. 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಾದಾಗ ದಕ್ಷಿಣದ ಜಾಲ ಬೇರೆ ಇತ್ತು, ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನಿನಿಂದ ನಮ್ಮನ್ನೂ ಜೋಡಿಸಿದರು. ಈಗ ಇಡೀ ದೇಶಕ್ಕೆ ಒಂದೇ ನೊಗ.

ಇನ್ನೊಂದು ದೂರು ಬಹಳ ಮಂದಿಯದ್ದು. ಲೈನ್ ಇದ್ದರೂ ಮಧ್ಯಾಹ್ನ ಸೋಲಾರ್ ನಿಂತು ನಿಂತು ಹೋಗುತ್ತೆ, ಕಂಪನಿಯವರು ಮೋಸ ಮಾಡಿದರು ಅಂತ. ಮೋಸ ಇರಬಹುದು, ಇಲ್ಲದೆಯೂ ಇರಬಹುದು. ಪೈಪಿನ ಕೊನೆಯಲ್ಲಿ ಗೇಟ್ ಮುಚ್ಚಿ ನೀರು ತಳ್ಳಿದರೆ ಅಲ್ಲಿ ಒತ್ತಡ ಏರುವ ಹಾಗೆ, ಹೊಲಕ್ಕೆ ಹೋದವರ ಮನೆಗಳೆಲ್ಲ ಖಾಲಿ ಇದ್ದಾಗ ಎಲ್ಲರ ಪ್ಯಾನಲ್ಲೂ ಒಂದೇ ಸಣ್ಣ ತಂತಿಗೆ ತಳ್ಳಿದರೆ ಲೈನಿನ ತುದಿಯಲ್ಲಿ ವೋಲ್ಟೇಜು ಏರುತ್ತೆ. 230ರ ಮೇಲೆ ನೂರಕ್ಕೆ ಹತ್ತು, ಅಂದರೆ 253 ದಾಟಿದರೆ ನಿಲ್ಲಬೇಕು ಅಂತ 2013ರ ನಿಯಮದಲ್ಲೇ ಇದೆ. ನಿಂತಾಗ ಪೆಟ್ಟಿಗೆಯ ಪರದೆಯಲ್ಲಿ ವೋಲ್ಟೇಜ್ ಎಷ್ಟಿತ್ತು ಅಂತ ದಿನಾಂಕ ಸಮೇತ ಬರೆದಿಟ್ಟು ಸೆಕ್ಷನ್ ಆಫೀಸಿಗೆ ಕೊಡಿ. ಬಾಯಿಮಾತಿನ ದೂರಿಗಿಂತ ಅದು ನಡೆಯುತ್ತೆ. ತಂತಿ ದಪ್ಪ ಮಾಡುವುದೋ, ಟಿ.ಸಿ. ಟ್ಯಾಪ್ ಬದಲಿಸುವುದೋ ಅವರ ಕೈಲಿದೆ. ಗಿರಣಿ, ಮೋಟಾರು, ಬಟ್ಟೆ ಒಗೆಯುವ ಮಿಷನ್ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ನಮ್ಮ ಕೈಲಿದೆ.

ಲೈನ್ ಹೋದಾಗಲೂ ದೀಪ ಬೇಕೇ ಬೇಕು ಅನ್ನುವವರಿಗೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಇದೆ. ಅದು ಮೊದಲು ಮನೆಯನ್ನು ಲೈನಿನಿಂದ ಪೂರಾ ಕಡಿದುಕೊಂಡು, ಆಮೇಲೆ ಮನೆಗೆ ಮಾತ್ರ ಕೊಡುತ್ತೆ. ಖರ್ಚು ಜಾಸ್ತಿ. ಡೀಸೆಲ್ ಜನರೇಟರ್ ಇಟ್ಟವರು ಚೇಂಜ್ ಓವರ್ ಸ್ವಿಚ್ ಇಲ್ಲದೆ ಅದನ್ನು ಮುಟ್ಟಬೇಡಿ.

ಆ ಲೈನ್‌ಮನ್ ಈಗ ರಿಟೈರ್ ಆಗಿ ನಮ್ಮೂರಲ್ಲೇ ಇದ್ದಾರೆ. ಹೋದ ತಿಂಗಳು ಬಂದವರು ಪ್ಯಾನಲ್ ನೋಡಿ, ಏನೂ ಹೇಳದೆ ಎಡಗೈಯಲ್ಲಿ ಮೇನ್ ಸ್ವಿಚ್ ಇಳಿಸಿದರು. ಪೆಟ್ಟಿಗೆಯ ಹಸಿರು ದೀಪ ಆರಿತು. ಸ್ವಿಚ್ ಮೇಲೆತ್ತಿ ಗಡಿಯಾರ ನೋಡುತ್ತ ನಿಂತರು. ಲೈನ್ ಮತ್ತೆ ಸರಿಯಾಗಿದೆ ಅಂತ ಕನಿಷ್ಠ 60 ಸೆಕೆಂಡು ನೋಡಿಕೊಂಡೇ ಅದು ಹಚ್ಚಿಕೊಳ್ಳಬೇಕು. ಹಸಿರು ದೀಪ ಬಂದ ಮೇಲೆ, "ಸರಿಯಾಗೈತೆ ಬಿಡಪ್ಪ" ಅಂದು ಚಾ ಕುಡಿಯಲು ಕೂತರು.