ಟಿ.ವಿ.ಯಲ್ಲಿ ‘ನೋ ಸಿಗ್ನಲ್’ ಬಂದಾಗ

ಟಿ.ವಿ. ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಬಂದಾಗ ನೀವು ಮೊದಲು ಮಾಡುವುದೇನು? ರಿಮೋಟಿಗೆ ಎರಡು ಪೆಟ್ಟು, ಸೆಟ್‌ಟಾಪ್ ಬಾಕ್ಸಿಗೆ ಒಂದು ಪೆಟ್ಟು. ಅದಕ್ಕೂ ಬಗ್ಗದಿದ್ದರೆ ಮಗನನ್ನು ಮಾಳಿಗೆ ಹತ್ತಿಸಿ, ಕೆಳಗಿನಿಂದ “ಬಂತು... ಹೋತು... ಇನ್ನಷ್ಟು ತಿರುವು” ಎಂದು ಕೂಗುವುದು. ನಮ್ಮ ಮನೆಯಲ್ಲೂ ಬಹುಕಾಲ ಇದೇ ನಡೆದಿತ್ತು. ಅಲ್ಪಸ್ವಲ್ಪ ಉಳಿದಿದ್ದ ಸಿಗ್ನಲ್ಲೂ ಹೀಗೆ ತಿರುವುವುದರಿಂದಲೇ ಹೋಗುತ್ತದೆಂದು ತಿಳಿದದ್ದು ಆಮೇಲೆ.

2020ರಲ್ಲಿ ಶಾಲೆಗಳಿಗೆ ಬೀಗ ಬಿದ್ದಿದ್ದಾಗ ಪ್ರೌಢಶಾಲೆಯ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದುದು ನಿಮಗೆ ನೆನಪಿರಬಹುದು. ಒಂದು ದಿನ ಯಲಬುರ್ಗಾ ತಾಲ್ಲೂಕಿನ ಹಳ್ಳಿಯಿಂದ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಫೋನ್ ಮಾಡಿದರು. “ಟೀಚರ್‌ರೀ, ಡಿಶ್ ಬರವಲ್ದು. ಬಾಕ್ಸ್ ಸುಟ್ಟೈತಿ, ಹೊಸಾದು ತರ್ರಿ ಅಂತಾರ. ಹುಡುಗಿ ಹತ್ತನೇತ್ತ ಅದಾಳ, ಏನ್ ಮಾಡ್ಲಿ?” ಬಟ್ಟೆ ಹೊಲಿದು ಮನೆ ನಡೆಸುವ ಹೆಂಗಸು. ಮನೆಯಲ್ಲಿದ್ದುದು ಬಟನ್ ಫೋನ್. ಆ ಹುಡುಗಿಗೆ ಟಿ.ವಿ.ಯೇ ಶಾಲೆಯಾಗಿತ್ತು.

ಮದ್ರಸಾದಲ್ಲಿ ಕಲಿತು, ಬಿ.ಎ. ಮಾಡಿಕೊಂಡ ನನಗೆ ಡಿಶ್ ವಿದ್ಯೆ ಎಲ್ಲಿಂದ ಬರಬೇಕು? ನಮ್ಮ ಓಣಿಯ ಡಿಶ್ ಕೂರಿಸುವ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋನಿನಲ್ಲೇ ಒಂದೊಂದಾಗಿ ಕೇಳುತ್ತಾ ಹೋದೆ. ನೀವೂ ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

ಪರದೆಯ ಮೇಲೆ ಬಾಕ್ಸಿನ ಮೆನು ಬರುತ್ತಿದೆಯೇ? ಬರುತ್ತಿದ್ದರೆ ಬಾಕ್ಸ್ ಸುಟ್ಟಿಲ್ಲ. ಸುಟ್ಟ ಬಾಕ್ಸ್ ಅಕ್ಷರ ತೋರಿಸುವುದಿಲ್ಲ. ಒಂದೇ ಚಾನೆಲ್ ಹೋಗಿದೆಯೋ, ಎಲ್ಲವೂ ಹೋಗಿವೆಯೋ? ಒಂದೆರಡು ಮಾತ್ರವಾದರೆ ರೀಚಾರ್ಜ್ ಮುಗಿದಿರಬಹುದು. ಡಿಡಿ ಫ್ರೀ ಡಿಶ್ ಆದರೆ ಚಾನೆಲ್‌ಗಳ ಜಾಗ ಬದಲಾಗಿರಬಹುದು. ಮೆನುವಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಸಾಕು. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಡಿಶ್ ಬರುತ್ತಿದೆಯೇ? ಈ ಪ್ರಶ್ನೆಗೆ ಬಹಳ ಬೆಲೆಯಿದೆ. 2010ರ ಜುಲೈಯಲ್ಲಿ ಇನ್ಸಾಟ್-4ಬಿ ಉಪಗ್ರಹದ ಸೌರಫಲಕದಲ್ಲಿ ದೋಷವಾಗಿ, ಅದರ 24 ಟ್ರಾನ್ಸ್‌ಪಾಂಡರ್‌ಗಳಲ್ಲಿ ಅರ್ಧದಷ್ಟನ್ನು ಮುಚ್ಚಬೇಕಾಯಿತು. ಸನ್ ಡೈರೆಕ್ಟ್‌ನ ಹಲವು ಚಾನೆಲ್‌ಗಳು ನಿಂತವು. ದೋಷವಿದ್ದದ್ದು ಆಕಾಶದಲ್ಲಿ; ಮಾಳಿಗೆ ಹತ್ತಿ ಡಿಶ್ ತಿರುವಿದವರು ಸರಿಯಾಗಿದ್ದುದನ್ನೂ ಕೆಡಿಸಿಕೊಂಡರು.

ಈ ತಾಯಿಯ ಪಕ್ಕದ ಮನೆಯಲ್ಲಿ ಚಂದನ ಬರುತ್ತಿತ್ತು. ಹಾಗಾಗಿ ಕೊನೆಯ ಪ್ರಶ್ನೆ: ಮೆನುವಿನ ಸಿಗ್ನಲ್ ಪುಟದಲ್ಲಿ ‘ಸ್ಟ್ರೆಂತ್’, ‘ಕ್ವಾಲಿಟಿ’ ಎಂಬ ಎರಡು ಪಟ್ಟಿಗಳು ಏನು ತೋರಿಸುತ್ತವೆ? ಎರಡೂ ಸೊನ್ನೆಯಾದರೆ ಸಾಮಾನ್ಯವಾಗಿ ಕೇಬಲ್ ಕಡಿದಿದೆ, ಇಲ್ಲವೇ ಡಿಶ್ ಮುಂದಿನ ಎಲ್‌ಎನ್‌ಬಿ ಕೆಟ್ಟಿದೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ತೇವಕ್ಕೆ ಕನೆಕ್ಟರ್ ತುಕ್ಕು ಹಿಡಿಯುತ್ತದೆ. ಆನೆಗೊಂದಿಯ ಕಡೆ ಕೇಬಲ್ಲಿಗೆ ಜೋತುಬೀಳಲು ಮಂಗಗಳಿವೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಡಿಶ್ ದಿಕ್ಕು ತಪ್ಪಿರುವ ಸಂಭವವೇ ಹೆಚ್ಚು. ಆ ಮನೆಯಲ್ಲಿ ಇದ್ದದ್ದು ಇದೇ. ಮಣ್ಣಿನ ಮಾಳಿಗೆ, ಡಿಶ್ ಕಾಲಿಗೆ ನಾಲ್ಕು ಕಲ್ಲು, ಮೇಲೆ ಆಷಾಢದ ಗಾಳಿ. ಇನ್ನೇನಾಗಬೇಕು?

ದಿಕ್ಕಿನ ಲೆಕ್ಕ ಸ್ವಾರಸ್ಯವಾಗಿದೆ. ಫ್ರೀ ಡಿಶ್‌ನ ಚಾನೆಲ್‌ಗಳು ಬರುವುದು 2015ರ ನವೆಂಬರ್‌ನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಕೊಪ್ಪಳದಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಮೇಲೆ. ದಿಕ್ಸೂಚಿ ಇಲ್ಲವೇ? ನಮಾಝಿಗೆ ಕಿಬ್ಲಾದತ್ತ ನಿಂತಾಗ ನಿಮ್ಮ ಬೆನ್ನ ಹಿಂದೆ, ಎಡಕ್ಕೆ ವಾಲಿದ ದಿಕ್ಕು ಅದು. ಡಿಶ್ ನೋಡಲು ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣದು. ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಗಿರುವುದರಿಂದ, ಕಾಣುವುದಕ್ಕಿಂತ ಮೇಲಿನ ಆಕಾಶವನ್ನೇ ಅದು ನೋಡುತ್ತಿರುತ್ತದೆ. ಎರಡು-ಮೂರು ಡಿಗ್ರಿ ಜರುಗಿದರೂ ಸಿಗ್ನಲ್ ಮಾಯ. ಆ ದಿಕ್ಕಿನಲ್ಲಿ ಬೇವಿನ ಮರ ಬೆಳೆದು ಅಡ್ಡ ಬಂದಿದೆಯೇ ಎಂಬುದನ್ನೂ ನೋಡಿ. ಬೇರೆ ಕಂಪನಿಗಳ ಉಪಗ್ರಹ ಬೇರೆಯಾಗಿರಬಹುದು; ನೆರೆಮನೆಯ ಡಿಶ್ ನೋಡಿ ನಿಮ್ಮದನ್ನು ತಿರುವಬೇಡಿ.

ಜೋರು ಮಳೆಯಲ್ಲಿ ಹೋದ ಸಿಗ್ನಲ್ ಮಳೆ ತಗ್ಗಿದರೆ ತಾನೇ ಬರುತ್ತದೆ. ಮಾರ್ಚ್ ಮಧ್ಯದ ಆಸುಪಾಸಿನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲಲ್ಲಿ, ಕೆಲವು ದಿನ ಬೆಳಿಗ್ಗೆ 11ರ ಸುಮಾರಿಗೆ ಈ ಉಪಗ್ರಹದ ಹಿಂದೆಯೇ ಸೂರ್ಯ ಬಂದು ನಾಲ್ಕಾರು ನಿಮಿಷ ಚಿತ್ರ ಒಡೆಯಬಹುದು. ಆಗಲೂ ಏನೂ ಮಾಡಬೇಕಿಲ್ಲ. ಕುಷ್ಟಗಿಯ ಕೆಂಧೂಳು ಕುಳಿತಿದೆಯೆಂದು ಡಿಶ್ ಉಜ್ಜುವ ಅಗತ್ಯವೂ ಇಲ್ಲ. ತೆಳು ಧೂಳು ಸಿಗ್ನಲ್ಲನ್ನು ತಡೆಯದು.

ಮಾಳಿಗೆ ಹತ್ತಲೇಬೇಕಾದರೆ ಬಾಕ್ಸಿನ ಪ್ಲಗ್ ತೆಗೆದೇ ಕೇಬಲ್ ಬಿಚ್ಚಿ. ಗುಡುಗು-ಸಿಡಿಲಿದ್ದಾಗ, ಕರೆಂಟಿನ ತಂತಿ ಹತ್ತಿರವಿದ್ದಾಗ ಹತ್ತಲೇಬೇಡಿ. ಮಕ್ಕಳನ್ನಂತೂ ಎಂದೂ ಹತ್ತಿಸಬೇಡಿ. ಒಂದು ಪಾಠ ತಪ್ಪಿದರೆ ತಪ್ಪಲಿ.

ಮರುದಿನ ಹುಡುಗಿಯ ಮಾಮು ಬಂದು, ಅವಳು ಕೆಳಗೆ ಕ್ವಾಲಿಟಿ ಪಟ್ಟಿ ನೋಡಿ ಹೇಳುತ್ತಿದ್ದಂತೆ, ಡಿಶ್ಶನ್ನು ಕೂದಲೆಳೆಯಷ್ಟೇ ಸರಿಸುತ್ತಾ, ಪ್ರತಿ ಸಲ ಮೂರ್ನಾಲ್ಕು ಸೆಕೆಂಡು ಕಾದು ನೋಡುತ್ತಾ ಹೋದರಂತೆ. ಪಟ್ಟಿ ಏರಿತು. ಬೋಲ್ಟ್ ಬಿಗಿದು, ಕಾಲಿಗೆ ಗೋಡೆಯ ಗೂಟದಿಂದ ತಂತಿ ಕಟ್ಟಿದರು. ಸಂಜೆ ಹುಡುಗಿಯೇ ಫೋನ್ ಮಾಡಿದಳು: “ಟೀಚರ್, ಗಣಿತ ಅರ್ಧ ಸಿಕ್ತು. ಉಳಿದರ್ಧ ನೀವು ಹೇಳ್ಕೊಡ್ತೀರಾ?” ಗಣಿತ ನನಗೆ ಡಿಶ್‌ಗಿಂತಲೂ ಕಷ್ಟ!