ಬಿದ್ದದ್ದು ನಕ್ಷತ್ರ ಅಲ್ಲ! ಉಲ್ಕೆ, ಧೂಮಕೇತು, ಕ್ಷುದ್ರಗ್ರಹ ಎಲ್ಲಾ ಒಂದೇನಾ?

ರಾತ್ರಿ ಆಕಾಶದಲ್ಲಿ ಬೆಳಕಿನ ಗೆರೆ ಸರ್ರನೆ ಜಾರಿದರೆ ‘ನಕ್ಷತ್ರ ಬಿತ್ತು’ ಅಂತಾರೆ. ಬೆಳಗ್ಗೆ ವಾಟ್ಸ್ಆ್ಯಪ್‌ನಲ್ಲಿ ಅದು ಧೂಮಕೇತು ಆಗಿರುತ್ತದೆ, ಸಂಜೆ ಹೊತ್ತಿಗೆ ಭೂಮಿಗೆ ಅಪ್ಪಳಿಸುವ ಕ್ಷುದ್ರಗ್ರಹ! ನಿಜಕ್ಕೂ ಈ ಮೂರು ಬೇರೆ ಬೇರೆ.

ಕ್ಷುದ್ರಗ್ರಹ ಅಂದ್ರೆ ಕಲ್ಲು, ಲೋಹದ ಉಂಡೆ. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುತ್ತಿವೆ.

ಧೂಮಕೇತುವಿನಲ್ಲಿ ಮಂಜುಗಡ್ಡೆ, ದೂಳು ಜಾಸ್ತಿ. ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ, ದೂಳನ್ನೂ ಹೊತ್ತುಕೊಂಡು ಹೊರಗೆ ನುಗ್ಗುತ್ತದೆ. ನಾವು ನೋಡುವ ಬಾಲ ಅದೇ. ದೂರದಲ್ಲಿ ತಣ್ಣಗೆ ಇರುವಾಗ ಬಾಲವೇ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲೂ ಕಂಡ ತ್ಸುಚಿನ್‌ಶಾನ್-ಅಟ್ಲಾಸ್ ಇದೇ ಜಾತಿಯದು. ಧೂಮಕೇತು ದಿನಗಟ್ಟಲೆ ಕಾಣುತ್ತದೆ, ನಿಂತಂತೆಯೇ ಇರುತ್ತದೆ. ಕಣ್ಣೆದುರೇ ಜಾರಿ ಮಾಯವಾದರೆ ಅದು ಧೂಮಕೇತು ಅಲ್ಲವೇ ಅಲ್ಲ.

ಜಾರುವುದು ಉಲ್ಕೆ. ಬಹುತೇಕ ಮರಳು ಕಾಳಿನಷ್ಟು, ಕಡಲೆಯಷ್ಟು ಚೂರು. ಭಾರಿ ವೇಗದಲ್ಲಿ ಗಾಳಿಗೆ ನುಗ್ಗಿ, ನೆಲದಿಂದ ಸುಮಾರು 100 ಕಿ.ಮೀ. ಮೇಲೆಯೇ ಉರಿದುಹೋಗುತ್ತದೆ. ಉರಿಯದೆ ಉಳಿದು ನೆಲಕ್ಕೆ ಬಿದ್ದರೆ ಹೆಸರು ಉಲ್ಕಾಶಿಲೆ. 1866ರಲ್ಲಿ ನಮ್ಮ ಉಡುಪಿ ಕಡೆ ಬಿದ್ದ ಕಲ್ಲು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಊರಿನ ಹೆಸರಲ್ಲೇ ಇದೆ.

ಹಾಗಂತ ಗೆರೆ ಕೊಯ್ದಂತೆ ವಿಂಗಡಿಸಲೂ ಆಗಲ್ಲ. ಉಲ್ಕಾಪಾತ ಸಾಮಾನ್ಯವಾಗಿ ಧೂಮಕೇತು ಬಿಟ್ಟುಹೋದ ದೂಳಿನಿಂದ ಆಗುತ್ತದೆ. ಆದರೆ ಪ್ರತಿ ಡಿಸೆಂಬರ್ 13-14ರ ರಾತ್ರಿ ಜೋರಾಗುವ ಜೆಮಿನಿಡ್ ಉಲ್ಕಾಪಾತದ ಮೂಲ ಫೇಥಾನ್ ಅನ್ನೋ ಕ್ಷುದ್ರಗ್ರಹ.

ಒಂದೇ ಕಲ್ಲಿಗೆ ಮೂರು ಹೆಸರು ಬಂದದ್ದೂ ಉಂಟು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಅಗಲದ ಪುಟ್ಟ ಕ್ಷುದ್ರಗ್ರಹ ನುಗ್ಗಿತು. ಉಲ್ಕೆಯಾಗಿ ಉರಿದು ಆಕಾಶದಲ್ಲೇ ಸಿಡಿಯಿತು. ಅರ್ಧ ಟನ್‌ಗೂ ಹೆಚ್ಚು ತೂಕದ ತುಂಡು ಕೆರೆಗೆ ಬಿದ್ದು ಉಲ್ಕಾಶಿಲೆಯಾಯಿತು. ಯಾರೂ ಸಾಯಲಿಲ್ಲ. ಆದರೆ ಸುಮಾರು 1,500 ಮಂದಿ ಗಾಯಗೊಂಡರು, ಅದೂ ಕಲ್ಲು ಬಿದ್ದಲ್ಲ, ಹೆಚ್ಚಿನವರಿಗೆ ಚುಚ್ಚಿದ್ದು ಕಿಟಕಿ ಗಾಜು!

ಆಗಿದ್ದಿಷ್ಟು: ಮಿಂಚಿನಂಥ ಬೆಳಕು ಮೊದಲು ಬಂತು. ಏನದು ಅಂತ ನೋಡೋಕೆ ಜನ ಕಿಟಕಿ ಹತ್ತಿರ ಓಡಿದರು. ಗಾಳಿಯ ಹೊಡೆತ ತಲುಪಿದ್ದು ಒಂದು ನಿಮಿಷಕ್ಕೂ ಹೆಚ್ಚು ತಡವಾಗಿ. ಇಂಥದ್ದು ಬಲು ಅಪರೂಪ. ಆದರೂ ಹಗಲಲ್ಲೇ ಕಣ್ಣು ಕುಕ್ಕುವ ಉಲ್ಕೆ ಕಂಡರೆ ಮೊಬೈಲ್ ಹಿಡಿದು ಅಂಗಡಿಯ ಗಾಜಿನ ಬಾಗಿಲ ಹಿಂದೆ ನಿಲ್ಲಬೇಡಿ, ಐದು ನಿಮಿಷ ಗಾಜಿನಿಂದ ದೂರ ಇರಿ.